ಮೇಜಿನ ಮೇಲಿನ ಮೈಸೂರು ಯುದ್ಧ: 28, 15, 6 ಮಿ.ಮೀ. ಗೊಂಬೆಗಳ ಬಗ್ಗೆ ಒಬ್ಬ ಬೋರ್ಡ್ ಆರ್ಟಿಸ್ಟ್ ಲೆಕ್ಕ

ಹಾಸನದಲ್ಲಿ ಅಂಗಡಿ ಬೋರ್ಡು, ಲಾರಿ ನಂಬರು, ಗೋಡೆ ಜಾಹೀರಾತು ಬರೆದು ಬದುಕಿದವನು ನಾನು. ಫ್ಲೆಕ್ಸ್ ಬಂದ ಮೇಲೆ ಕೈಗೆ ಬಿಡುವು ಜಾಸ್ತಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗನಿಗೆ ಯುದ್ಧದಾಟದ ಹುಚ್ಚು. ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಹಾಕಿ ಆಡುವುದು. ಅವನಿಗೆ 1799ರ ನಾಲ್ಕನೇ ಮೈಸೂರು ಯುದ್ಧ ಆಡಬೇಕಂತೆ. "ಮಾವ, ಬಣ್ಣ ಮಾತ್ರ ನೀವೇ ಹಚ್ಚಿಕೊಡಬೇಕು" ಅಂತ ನಾಲ್ಕು ಅಳತೆಯ ಗೊಂಬೆ ತಂದು ಸುರಿದ.

ಮೊದಲು ಅಳತೆಯ ಗೋಜಲು. ಪೆಟ್ಟಿಗೆಯ ಮೇಲೆ 28 ಮಿ.ಮೀ. ಎಂದಿದ್ದರೆ ತಲೆಯವರೆಗೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ. ಅದೂ ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರ 28 ತೆಳ್ಳಗೆ, ಇನ್ನೊಬ್ಬರದು ದಪ್ಪ ತಲೆ, ದಪ್ಪ ಕೈ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಮದುವೆ ಗ್ರೂಪ್ ಫೋಟೋದಲ್ಲಿ ಎರಡೂ ಕಡೆ ನೆಂಟರು ನಿಂತ ಹಾಗೆ, ಯಾರು ಯಾರ ಕಡೆಯವರು ಅಂತ ದೂರದಿಂದಲೇ ಗೊತ್ತಾಗುತ್ತದೆ. 1/72 ಎಂದು ಭಿನ್ನರಾಶಿಯಲ್ಲಿ ಬರೆದ ಪೆಟ್ಟಿಗೆಯಲ್ಲಿ ಈ ತಕರಾರು ಕಡಿಮೆ. ಐದಡಿ ಏಳಿಂಚಿನ ಮನುಷ್ಯ ಅಲ್ಲಿ ಸುಮಾರು 24 ಮಿ.ಮೀ. ಆಗುತ್ತಾನೆ.

ಈಗ ನನ್ನ ಕಸುಬಿನ ಲೆಕ್ಕ. ಟಿಪ್ಪುವಿನ ಪಡೆಯ ಗುರುತು ಅಂದರೆ ಅಂಗಿಯ ಮೇಲಿನ ಹುಲಿಪಟ್ಟೆ. ನಿಜವಾದ ಬಟ್ಟೆಯಲ್ಲಿ ಒಂದು ಪಟ್ಟೆ ಒಂದಿಂಚು ಅಗಲ ಅಂತ ಇಟ್ಟುಕೊಳ್ಳಿ. 28ರ ಗೊಂಬೆಯಲ್ಲಿ ಅದು ಹೆಚ್ಚುಕಮ್ಮಿ ಅರ್ಧ ಮಿ.ಮೀ., ಒಳ್ಳೆ ಮೊನೆಯ ಬ್ರಷ್ ಇದ್ದರೆ ಬರೆಯಬಹುದು. 15ರಲ್ಲಿ ಕಾಲು ಮಿ.ಮೀ. 6ರಲ್ಲಿ ತಲೆಗೂದಲಿನ ದಪ್ಪ, ಯಾರ ಕೈಯಲ್ಲೂ ಆಗದ ಕೆಲಸ. ಆದರೆ ಆಡುವವರು ಗೊಂಬೆಯನ್ನು ಕಣ್ಣಿಗೆ ಹಿಡಿದುಕೊಂಡು ಆಡುವುದಿಲ್ಲ, ಮೂರಡಿ ಆಚೆ ನಿಂತು ನೋಡುತ್ತಾರೆ. ಬಸ್ಸಿನಲ್ಲಿ ಹೋಗುವವನಿಗೆ ಬರೆಯುವ ಬೋರ್ಡಿಗೆ ಸಣ್ಣ ಹೂಬಳ್ಳಿ ಬಿಡಿಸಿ ಏನು ಪ್ರಯೋಜನ? ಆದ್ದರಿಂದ 15ರಲ್ಲಿ ನಾನು ಪಟ್ಟೆಯನ್ನು ಬೇಕಂತಲೇ ದಪ್ಪ ಮಾಡಿದೆ, ಎದೆಗೆ ಎರಡು, ತೋಳಿಗೆ ಒಂದು. ಮೇಜಿನ ಆ ತುದಿಯಿಂದಲೂ ಹುಲಿ ಕಾಣಿಸಿತು. 6ರಲ್ಲಿ ಪಟ್ಟೆಯ ಗೊಡವೆಗೇ ಹೋಗಲಿಲ್ಲ. ನೇರಳೆ ಮೈ, ಬಿಳಿ ಚುಕ್ಕಿ, ಮುಗಿಯಿತು.

ಹಚ್ಚುವ ವಿಧಾನದಲ್ಲಿ ಹುಡುಗರು ಮೂರು ಪಂಗಡ. ಒಂದು ಹಳೆಯ ಕ್ರಮ: ಗಾಢ, ನಡು, ತಿಳಿ ಎಂದು ಮೂರು ಪದರ. 28ರಲ್ಲಿ ಇದರ ಚೆಂದವೇ ಬೇರೆ, ಮಡಿಕೆ ಮಡಿಕೆ ಎದ್ದು ಕಾಣುತ್ತದೆ. ಆದರೆ ಒಂದು ತುಕಡಿ ಮುಗಿಯುವಷ್ಟರಲ್ಲಿ ಕಣ್ಣು ಮಂಜಾಗುತ್ತದೆ. ಎರಡನೆಯದು, 2019ರಲ್ಲಿ ಸಿಟಾಡೆಲ್ ಅನ್ನೋ ಗೊಂಬೆ ಬಣ್ಣದ ಬ್ರ್ಯಾಂಡಿನವರು ಕಾಂಟ್ರಾಸ್ಟ್ ಅಂತ ಒಂದು ಬಗೆಯ ಬಣ್ಣ ತಂದ ಮೇಲೆ ಜೋರಾದದ್ದು. ತಿಳಿ ಬಣ್ಣದ ಪ್ರೈಮರ್ ಮೇಲೆ ಒಂದೇ ಕೈ ಹಚ್ಚಿದರೆ ಬಣ್ಣ ತಾನೇ ತಗ್ಗಿಗೆ ಇಳಿದು, ಉಬ್ಬಿನ ಮೇಲೆ ತೆಳ್ಳಗಾಗಿ, ನೆರಳು ಬೆಳಕು ಎರಡೂ ಬರುತ್ತದೆ. ಕುದುರೆಗೆ, ಕಂಬಳಿಗೆ, ಮರದ ಗಾಡಿಗೆ ಇದನ್ನು ಮೀರಿದ್ದಿಲ್ಲ. ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಯ ಕೆಂಪು ಕೋಟಿಗೆ ಮಾತ್ರ ನನಗೆ ಸರಿಬರಲಿಲ್ಲ. ಎದೆಯ ಮೇಲಿನ ಬಿಳಿ ಅಡ್ಡಪಟ್ಟಿಗೆ ಕೆಂಪು ಹರಿದು ಗುಲಾಬಿಯಾಗುತ್ತದೆ, ಮತ್ತೆ ಬಿಳಿ ತುಂಬಬೇಕು.

ಮೂರನೆಯದು ನನ್ನ ಮೆಚ್ಚು. ಇಡೀ ಗೊಂಬೆಗೆ ಕಪ್ಪು ಅಸ್ತರ ಕೊಟ್ಟು, ಅದರ ಮೇಲೆ ಒಂದೊಂದೇ ಬಣ್ಣವನ್ನು ಅಚ್ಚುಕಟ್ಟಾಗಿ ತುಂಬುತ್ತ, ಬಣ್ಣ ಬಣ್ಣದ ನಡುವೆ ಕೂದಲೆಳೆಯಷ್ಟು ಕಪ್ಪು ಬಿಡುವುದು. ಅಕ್ಷರಕ್ಕೆ ಕಪ್ಪು ಬಾರ್ಡರ್ ಕೊಟ್ಟ ಕೈಗೆ ಇದು ಹೊಸದಲ್ಲ. 15ರಲ್ಲಿ ಈ ಕಪ್ಪು ಗೆರೆಯೇ ಕೈ, ಬಂದೂಕು, ಬೆಲ್ಟನ್ನು ಬಿಡಿಸಿ ತೋರಿಸುತ್ತದೆ. 28ರಲ್ಲಿ ಅದೇ ಗೆರೆ ಕಾರ್ಟೂನಿನಂತೆ ಕಾಣುತ್ತದೆ. 6ರಲ್ಲಿ, ಕಪ್ಪಿನ ಮೇಲೆ ಹಚ್ಚಿದರೆ ಇಡೀ ಪಡೆಯೇ ಮಂಕು, ಅಲ್ಲಿ ಬಿಳಿ ಅಸ್ತರ ಹಾಕಿ, ಇರುವುದಕ್ಕಿಂತ ಒಂದು ಪಟ್ಟು ತಿಳಿ ಬಣ್ಣ ಬಳಸಿ. ಸೆಟ್ಟಿನಲ್ಲಿ ಬರುವ ಮೈಬಣ್ಣ ಬಿಳಿಯರದು, ನಮ್ಮವರಿಗೆ ಕಂದು ಬೆರೆಸಿಕೊಳ್ಳಲೇಬೇಕು. ಎಲ್ಲರಿಗೂ ಒಂದೇ ಕಂದು ಹಚ್ಚಬೇಡಿ, ಊರಲ್ಲಿ ಎಲ್ಲರೂ ಒಂದೇ ಬಣ್ಣ ಇರುತ್ತಾರಾ?

1/72ರ ಮೆತ್ತನೆ ಪ್ಲಾಸ್ಟಿಕ್ ಅಗ್ಗ, ಮುಖಮೂತಿಯೂ ಚೆನ್ನ, ಆದರೆ ಬಂದೂಕು ಬಾಗಿದರೆ ಬಣ್ಣ ಚಕ್ಕೆಯೇಳುತ್ತದೆ. ಸೋಪಿನಲ್ಲಿ ತೊಳೆದು ಒಣಗಿಸಿ ಪ್ರೈಮರ್ ಹಾಕಿದರೂ ಈಟಿ ಹಿಡಿದವರ ಕಥೆ ಅಷ್ಟೇ. ಗಟ್ಟಿ ಪ್ಲಾಸ್ಟಿಕ್ಕಿನ 1/72 ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಇನ್ನು ಜಾಗದ ಮಾತು. ಹುಡುಗನಿಗೆ ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೂ ಮೇಜಿಗೆ ತರಬೇಕೆಂದು ಆಸೆ. ಎಂಟು ಮೂಲೆಯ ಆ ನಕ್ಷತ್ರವನ್ನು 28ರ ಅಳತೆಗೆ ಕಟ್ಟಿದರೆ ಮೇಜಿನ ಮೇಲೆ ಕೋಟೆ ಬಿಟ್ಟು ಬೇರೇನೂ ಇರುವುದಿಲ್ಲ, ಮುತ್ತಿಗೆ ಹಾಕುವವರು ನೆಲದ ಮೇಲೆ ನಿಲ್ಲಬೇಕು. 6ರಲ್ಲಿ ಕೋಟೆ, ಗುಡ್ಡ, ಘಾಟಿಯ ದಾರಿ ಎಲ್ಲ ಹಿಡಿಸುತ್ತದೆ. ಕೋಟೆಯಾಟಕ್ಕೆ 6, ಮೈದಾನದ ಯುದ್ಧಕ್ಕೆ 15 ಅಂತ ಹೇಳಿದ್ದೇನೆ. 28ರಲ್ಲಿ ಟಿಪ್ಪು ಒಬ್ಬನಿದ್ದರೆ ಸಾಕು, ಶೋಕೇಸಿಗೆ.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಮಳೆ ನಿಲ್ಲುವವರೆಗೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮ್ಯಾಟ್ ವಾರ್ನಿಶ್ ಬೂದಿ ಬಳಿದಂತೆ ಬೆಳ್ಳಗಾಗಿ, ಇಡೀ ಕೆಲಸ ಹಾಳು. ಪ್ರೈಮರ್, ವಾರ್ನಿಶ್ ಎರಡೂ ಬ್ರಷ್‌ನಲ್ಲಿ ಹಚ್ಚುವಂಥದ್ದೇ ತರಿಸಿ.