ಸಕ್ಷನ್ ಇರುವ ಆಕ್ಸೆಸ್ ಶೀತ್: ಕಾರವಾರ, ಶಿರಸಿಯ ಆಪರೇಷನ್ ಥಿಯೇಟರ್‌ಗಳಿಗೆ ಕೊಳ್ಳಬಹುದೇ?

ಕೊಳ್ಳಬಹುದು. ಕಿಡ್ನಿ ಕಲ್ಲಿನ ಆಪರೇಷನ್ನಿನಲ್ಲಿ ಸ್ಕೋಪ್ (ಕ್ಯಾಮೆರಾ ಇರುವ ತೆಳು ನಳಿಕೆ) ಒಳಹೋಗಲು ಮೂತ್ರನಾಳದೊಳಗೆ ಇಡುವ ಪೈಪೇ ಈ ಶೀತ್; ಇದು ನೀರನ್ನೂ ಹೀರಿಕೊಳ್ಳುತ್ತದೆ. ಮೊದಲು 10/12 ಫ್ರೆಂಚ್ (ಒಳ ಮತ್ತು ಹೊರ ದಪ್ಪ; 3 ಫ್ರೆಂಚ್ ಅಂದರೆ 1 ಮಿ.ಮೀ.) ತರಿಸಿ, ಉದ್ದ ಗಂಡಸರಿಗೆ ಸುಮಾರು 45 ಸೆಂ.ಮೀ., ಹೆಂಗಸರಿಗೆ 35. ಫ್ಲೆಕ್ಸಿಬಲ್ ಸ್ಕೋಪ್ 7.5 ಫ್ರೆಂಚ್ ಆಸುಪಾಸು ಇರಬೇಕು. ಹಳೆಯ ದಪ್ಪ ಸ್ಕೋಪ್ ತೂರಿಸಿದರೆ ನೀರು ಹಿಂದಿರುಗಲು ಜಾಗ ಉಳಿಯುವುದಿಲ್ಲ, ಕೊಟ್ಟ ಹಣ ದಂಡ.

ಈ ಶೀತ್ ಕಲ್ಲಿನ ಪುಡಿ ಎಳೆದುಕೊಳ್ಳುತ್ತದೆ, ತುದಿ ಸ್ಕೋಪಿನ ಜೊತೆ ಬಾಗುತ್ತದೆ. ಅದಕ್ಕಿಂತ ದೊಡ್ಡ ಗುಣ, ಕಿಡ್ನಿಯೊಳಗಿನ ಒತ್ತಡ ಇಳಿಸುವುದು. ಒತ್ತಡ 30–40 ಸೆಂ.ಮೀ. ನೀರಿನ ಮಟ್ಟ ದಾಟಿದರೆ ಸೋಂಕು ರಕ್ತಕ್ಕೆ ನುಗ್ಗಬಹುದು. ವಾರ್ಡಿಗೆ ಹೋದ ಕೆಲವೇ ಗಂಟೆಗಳಲ್ಲಿ ಚಳಿಜ್ವರ, ಏರುವ ನಾಡಿ, ಕುಸಿಯುವ ಬಿಪಿ. ಶೀತ್ ಒತ್ತಡ ಇಳಿಸುತ್ತದೆಂದು ಮೊದಲೇ ಮಾಡಿಸುವ ಯೂರಿನ್ ಕಲ್ಚರ್ (ಮೂತ್ರದಲ್ಲಿ ಸೋಂಕಿದೆಯೇ ಎಂಬ ಪರೀಕ್ಷೆ) ಬಿಡುವಂತಿಲ್ಲ. ಒಳಗೆ ಕೀವು ಕಂಡರೆ ಕಲ್ಲು ಮುಟ್ಟಬೇಡಿ: ಕಿಡ್ನಿಯ ಮೂತ್ರ ಕಲ್ಚರ್‌ಗೆ ತೆಗೆದು, ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಹರಿಸುವ ತೆಳು ಕೊಳವೆ) ಹಾಕಿ ಹೊರಬನ್ನಿ.

ನಮ್ಮ ಕಡೆ ಮಳೆಗಾಲದಲ್ಲಿ ಇದರ ದುರ್ಬಲತೆ ಕರೆಂಟು. ಸಕ್ಷನ್ ನಿಂತ ಕ್ಷಣವೇ ಒಳಬರುವ ಸಲೈನ್ ಬಂದ್ ಮಾಡಿ, ಸ್ಕೋಪ್ ಹಿಂದೆಳೆದು ನೀರು ಹರಿಯಲು ಬಿಡಬೇಕು. ಜನರೇಟರ್ ಬರಲಿ ಎಂದು ಕಾಯುತ್ತಾ ನೀರು ಬಿಡುತ್ತಿದ್ದರೆ ಒತ್ತಡ ಏರುತ್ತಲೇ ಹೋಗುತ್ತದೆ. ಚೂರು ಸಿಕ್ಕಿ ಪೈಪು ಕಟ್ಟಿದಾಗಲೂ ಇದೇ ಕ್ರಮ.

ಶೀತ್ ಹೋಗದಿದ್ದರೆ ಒತ್ತಲೇಬೇಡಿ. ಇದೊಂದು ವಿಷಯದಲ್ಲಿ ಹೊಸ ಶೀತೂ ಹಳೆಯದೂ ಒಂದೇ, ಬಿಗಿ ಮೂತ್ರನಾಳ ಸೀಳುತ್ತದೆ. ಸ್ಟೆಂಟ್ ಹಾಕಿ ಎರಡು ವಾರ ಬಿಟ್ಟು ಬಂದರೆ ನಾಳ ಬಹುತೇಕ ಸಡಿಲಾಗಿರುತ್ತದೆ. ರೋಗಿಗೆ ಎರಡನೇ ಅನಸ್ತೇಷಿಯಾ ಕಷ್ಟವೇ, ಆದರೂ ನಾಳ ಕಿತ್ತುಬಂದರೆ ಕಾರವಾರದಿಂದ ಗೋವಾಕ್ಕೋ ಮಣಿಪಾಲಕ್ಕೋ, ಶಿರಸಿಯಿಂದ ಹುಬ್ಬಳ್ಳಿಗೋ ಓಡಬೇಕು. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಕುಸಿದು ಮಣಿಪಾಲದ ದಾರಿಯಾದ ಹೆದ್ದಾರಿ 66 ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಹಳದಿ ಕೊಬ್ಬು ಕಂಡರೆ, ಸಿ-ಆರ್ಮ್‌ನಲ್ಲಿ (ಥಿಯೇಟರಿನ ಎಕ್ಸ್‌ರೇ ಯಂತ್ರ) ಡೈ (ಎಕ್ಸ್‌ರೇಗೆ ಕಾಣುವ ದ್ರವ) ನಾಳದ ಹೊರಗೆ ಹರಡಿದರೆ ತೂತಾಗಿದೆ ಎಂದೇ ಅರ್ಥ. ತಕ್ಷಣ ನಿಲ್ಲಿಸಿ. ಸೇಫ್ಟಿ ಗೈಡ್‌ವೈರ್ (ದಾರಿ ತಪ್ಪದಂತೆ ಮೊದಲೇ ಒಳಗೆ ಬಿಟ್ಟಿರುವ ತಂತಿ) ಒಳಗಿದ್ದರೆ ಅದರ ಮೇಲೆಯೇ ಸ್ಟೆಂಟ್ ಸಲೀಸಾಗಿ ಹೋಗುತ್ತದೆ. ಇಲ್ಲದಿದ್ದರೆ ದಾರಿ ಹುಡುಕುವುದೇ ಇನ್ನೊಂದು ಗಾಯಕ್ಕೆ ಕಾರಣ. ಶೀತ್ ಪೆಟ್ಟಿಗೆಯಲ್ಲಿ ಈ ವೈರ್ ಬರುತ್ತದೆಂದು ನಂಬಬೇಡಿ, 0.035 ಇಂಚಿನದು ಬೇರೆಯಾಗಿ ಇಟ್ಟುಕೊಳ್ಳಿ.

ಮುಗಿಸುವಾಗ ಶೀತ್ ಮತ್ತು ಸ್ಕೋಪ್ ಒಟ್ಟಿಗೇ ನಿಧಾನ ಎಳೆಯುತ್ತಾ ಗೋಡೆಯನ್ನು ಇಂಚಿಂಚೂ ನೋಡಿ. ತರಚಿದ್ದಷ್ಟೇ ಆದರೆ ಸ್ಟೆಂಟ್ ಒಂದೆರಡು ವಾರ, ತೂತಾಗಿದ್ದರೆ ನಾಲ್ಕರಿಂದ ಆರು ವಾರ. ತೆಗೆಸುವ ತಾರೀಖನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಡಿ.