ನಾಲ್ಕು ಮಳೆಗಾಲ, ಎರಡು ಚೈನು: ಸ್ಪ್ರೇ, ಗೇರ್ ಆಯಿಲ್ ಮತ್ತು ಒಂದು ಹಳೆಯ ಪಂಚೆ

2020ರ ನವೆಂಬರ್‌ನಲ್ಲಿ ಕೊಂಡ ನನ್ನ 411 ಸಿಸಿ ಹಿಮಾಲಯನ್ ಬೈಕು ಈಗ 42,600 ಕಿ.ಮೀ. ಓಡಿದೆ. ಮೊದಲ ಚೈನು 16,400 ಕಿ.ಮೀ.ಗೆ ಮುಗಿಯಿತು. ಎರಡನೆಯದು 26,000 ದಾಟಿದೆ, ಇನ್ನೂ ಬೈಕಿನಲ್ಲೇ ಇದೆ. ರಸ್ತೆ ಅದೇ, ಮಳೆ ಅದೇ, ಓಡಿಸುವವನೂ ನಾನೇ. ಬದಲಾದದ್ದು ಚೈನನ್ನು ತೊಳೆಯುವ, ಎಣ್ಣೆ ಹಾಕುವ, ಒರೆಸುವ ಕ್ರಮ ಮಾತ್ರ. ಈ ನಾಲ್ಕು ವರ್ಷಗಳಲ್ಲಿ ಸ್ಪ್ರೇ ಕ್ಲೀನರ್, ಸ್ಪ್ರೇ ಲ್ಯೂಬ್, ಸೀಮೆಎಣ್ಣೆ, 90 ದರ್ಜೆಯ ಗೇರ್ ಆಯಿಲ್ ಎಲ್ಲವನ್ನೂ ತಿಂಗಳುಗಟ್ಟಲೆ ಬಳಸಿದ್ದೇನೆ. ಅವುಗಳ ಬಗ್ಗೆ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ನಾನು ಓಡಾಡುವುದು ತೀರ್ಥಹಳ್ಳಿಯಿಂದ ಮೇಗರವಳ್ಳಿ ಕಡೆಯ ಒಂದು ಶಾಲೆಗೆ. ಹೋಗಿ ಬರಲು ದಿನಕ್ಕೆ ಸುಮಾರು 40 ಕಿ.ಮೀ. ಹೆದ್ದಾರಿ ಬಿಟ್ಟ ಮೇಲೆ ಕೊನೆಯ ಮೂರು ಕಿ.ಮೀ. ಮಣ್ಣು ರಸ್ತೆ. ತಿಂಗಳಿಗೆ ಒಂದೆರಡು ಬಾರಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇನೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೈನು ಒಣಗಿರುವ ದಿನವೇ ಅಪರೂಪ. ಜನವರಿಯ ನಂತರ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳು. ಹಿಟ್ಟಿನಷ್ಟು ನುಣುಪಾದ ಆ ಧೂಳು ಎಣ್ಣೆಯ ಜೊತೆ ಸೇರಿದರೆ ಕಬ್ಬಿಣವನ್ನು ಉಜ್ಜುವ ಪೇಸ್ಟ್ ತಯಾರಾಗುತ್ತದೆ. ಬೆಂಗಳೂರಿನ ಡಾಂಬರು ರಸ್ತೆಯಲ್ಲಿ ಮಾತ್ರ ಓಡಿಸುವವರಿಗೆ ನನ್ನ ಲೆಕ್ಕ ಹಾಗೆಯೇ ಹೊಂದುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಚೈನು ಹಾಳಾದದ್ದಕ್ಕೆ ಚೈನು ಕಾರಣವಲ್ಲ. ನಾನು ಆಗ ಬೈಕು ಬಿಡುತ್ತಿದ್ದ ಗ್ಯಾರೇಜಿನಲ್ಲಿ ಪ್ರತಿ ಬಾರಿಯೂ ಪೆಟ್ರೋಲ್ ಸುರಿದು ತಂತಿ ಬ್ರಷ್‌ನಿಂದ ಉಜ್ಜುತ್ತಿದ್ದರು. ಆಮೇಲೆ ರಭಸದ ನೀರಿನ ಪೈಪನ್ನು ನೇರವಾಗಿ ಚೈನಿಗೇ ಹಿಡಿದು ತೊಳೆಯುತ್ತಿದ್ದರು. ಕೊನೆಗೆ ಬೆರಳಿನಲ್ಲಿ ಗ್ರೀಸ್ ತೆಗೆದು ಮೇಲಿನಿಂದ ಮೆತ್ತುತ್ತಿದ್ದರು. ಬೈಕು ಹೊಳೆಯುತ್ತಿತ್ತು, ನನಗೂ ತೃಪ್ತಿಯಾಗುತ್ತಿತ್ತು. 2022ರ ಆಗಸ್ಟ್‌ನಲ್ಲಿ, ಎರಡನೆಯ ಮಳೆಗಾಲದ ನಡುವೆ, ಚೈನು ಒಂದು ಕಡೆ ಜೋತು ಬಿದ್ದು, ಚಕ್ರ ಅರ್ಧ ಸುತ್ತಿದರೆ ಬಿಗಿಯಾಗಿ ಎಳೆದುಕೊಳ್ಳಲು ಶುರುವಾಯಿತು. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಟಕ್ ಟಕ್ ಎಂದು ಜಗ್ಗುತ್ತಿತ್ತು.

ಆಗ ನಾನು ಹೋದದ್ದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರ ಬಳಿ. ಅವರು ಹಿಂದಿನ ಸ್ಪ್ರಾಕೆಟ್‌ನ, ಅಂದರೆ ಚೈನು ಕೂರುವ ಹಲ್ಲಿನ ಚಕ್ರದ, ತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದರು. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಬೆಳಕಿಗೆ ಬಂತು.

“ಚೈನು ಹಿಗ್ಗಿದೆಯಲ್ಲವೇ?” ಎಂದು ಕೇಳಿದೆ.

“ಕಬ್ಬಿಣ ಎಲ್ಲಿ ಹಿಗ್ಗುತ್ತದೆ ಮೇಷ್ಟ್ರೇ? ಒಳಗಿನ ಪಿನ್ನು, ಬುಷ್ಷು ಸವೆದಿವೆ. ನೂರು ಕೊಂಡಿಗಳಲ್ಲಿ ಒಂದೊಂದೂ ಕೂದಲೆಳೆಯಷ್ಟು ಸವೆದರೆ ಒಟ್ಟು ಎಷ್ಟಾಯಿತು, ನೀವೇ ಲೆಕ್ಕ ಹಾಕಿ” ಎಂದರು.

ಗಣಿತದ ಮೇಷ್ಟ್ರಾದ ನನಗೆ ಆ ಲೆಕ್ಕ ಆವರೆಗೆ ಹೊಳೆದಿರಲಿಲ್ಲ. ಅವರೇ ಸ್ಟೀಲ್ ಸ್ಕೇಲ್ ಹಿಡಿದು ಅಳೆಯುವುದನ್ನು ತೋರಿಸಿಕೊಟ್ಟರು. ಈ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ ಒಂದು ಇಂಚಿನ ಎಂಟನೇ ಐದು ಭಾಗ, ಅಂದರೆ 15.875 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು 21 ಪಿನ್ನುಗಳನ್ನು ಎಣಿಸಿದರೆ ನಡುವೆ 20 ಅಂತರಗಳು. ಹೊಸ ಚೈನಿನಲ್ಲಿ ಅದು 317.5 ಮಿ.ಮೀ. ಇರಬೇಕು. ನನ್ನದು 323 ಇತ್ತು. ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದವು. ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಾಯಿಸಿದೆ. ಹಳೆಯ ಹಲ್ಲಿಗೆ ಹೊಸ ಚೈನು ಹಾಕಿ ದುಡ್ಡು ಉಳಿಸಲು ಹೋಗಬೇಡಿ. ಬಾಗಿದ ಹಲ್ಲು ಹೊಸ ಚೈನನ್ನೂ ಬೇಗನೆ ತಿಂದುಹಾಕುತ್ತದೆ.

ಹಳೆಯ ಚೈನನ್ನು ಮನೆಗೆ ತಂದು ಒಂದು ಕೊಂಡಿಯನ್ನು ಬಿಚ್ಚಿಸಿ ನೋಡಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹಾನ್ಸ್ ರೆನಾಲ್ಡ್ ಎಂಬ ಎಂಜಿನಿಯರ್ 1880ರಲ್ಲಿ ರೂಪಿಸಿದ ಬುಷ್ ರೋಲರ್ ಚೈನಿನ ರಚನೆಯೇ ಇಂದಿಗೂ ನಡೆದುಬಂದಿದೆ: ನಡುವೆ ಪಿನ್ನು, ಅದರ ಮೇಲೆ ಕೊಳವೆಯಂತಿರುವ ಬುಷ್ಷು, ಅದರ ಮೇಲೆ ಸುತ್ತುವ ರೋಲರ್, ಎರಡೂ ಬದಿಗೆ ಪ್ಲೇಟು. ಈಗಿನ ದೊಡ್ಡ ಬೈಕುಗಳಲ್ಲಿ ಒಳಪ್ಲೇಟಿಗೂ ಹೊರಪ್ಲೇಟಿಗೂ ನಡುವೆ ಚಿಕ್ಕ ರಬ್ಬರ್ ಉಂಗುರವೊಂದು ಇರುತ್ತದೆ, ಅದೇ ಓ-ರಿಂಗ್. ಪಿನ್ನಿಗೂ ಬುಷ್ಷಿಗೂ ನಡುವೆ ಕಾರ್ಖಾನೆಯಲ್ಲೇ ತುಂಬಿದ ಗ್ರೀಸನ್ನು ಅದು ಒಳಗೇ ಹಿಡಿದಿಡುತ್ತದೆ. ಆ ಗ್ರೀಸ್ ಒಮ್ಮೆ ಹೋದರೆ ಹೊರಗಿನಿಂದ ಯಾವ ದುಬಾರಿ ಎಣ್ಣೆಯೂ ಅಲ್ಲಿಗೆ ತಲುಪುವುದಿಲ್ಲ. ನಾನು ಬಿಚ್ಚಿಸಿದ ಕೊಂಡಿಯಲ್ಲಿ ಉಂಗುರ ಸೀಳಿತ್ತು, ಒಳಗೆ ಗ್ರೀಸಿನ ಬದಲು ಕೆಂಪು ತುಕ್ಕಿನ ಪುಡಿ ಇತ್ತು. ಪೆಟ್ರೋಲ್ ಆ ರಬ್ಬರನ್ನು ಕೆಡಿಸುತ್ತದೆ, ತಂತಿ ಬ್ರಷ್ ಅದನ್ನು ಹರಿದುಹಾಕುತ್ತದೆ, ರಭಸದ ನೀರು ಅದನ್ನು ದಾಟಿ ಒಳಗೆ ನುಗ್ಗುತ್ತದೆ. ಮೇಲೆ ಮೆತ್ತಿದ ಗ್ರೀಸ್ ಮರಳನ್ನು ಹಿಡಿದಿಟ್ಟುಕೊಳ್ಳುವ ಕೆಲಸವನ್ನಷ್ಟೇ ಮಾಡುತ್ತದೆ. ಆ ಒಂದು ಕೊಂಡಿಯನ್ನು ನೋಡಿದ ಮೇಲೆ ನನ್ನ ಯೋಚನೆಯೇ ಬದಲಾಯಿತು: ನಾನು ಕಾಯಬೇಕಾದದ್ದು ಕಬ್ಬಿಣವನ್ನಲ್ಲ, ಆ ರಬ್ಬರ್ ಉಂಗುರಗಳನ್ನು.

ಹೊಸ ಚೈನಿಗೆ ಮೊದಲ ಒಂದು ವರ್ಷ ಸ್ಪ್ರೇಗಳನ್ನೇ ಬಳಸಿದೆ. ಕ್ಲೀನರ್ ಒಂದು ಡಬ್ಬಿ, ಲ್ಯೂಬ್ ಒಂದು ಡಬ್ಬಿ, ಎರಡರ ಮೇಲೂ ಓ-ರಿಂಗ್ ಚೈನಿಗೆ ಹೊಂದುತ್ತದೆ ಎಂದು ಬರೆದಿತ್ತು. ಕೊಳ್ಳುವಾಗ ಆ ಸಾಲನ್ನು ಹುಡುಕಿ ಓದುವುದು ಅಗತ್ಯ. ಕ್ಲೀನರ್ ಚೆನ್ನಾಗಿ ಕೆಲಸ ಮಾಡುತ್ತದೆ: ಹೊಡೆದು ಐದು ನಿಮಿಷ ಬಿಟ್ಟು ನೈಲಾನ್ ಬ್ರಷ್ ಆಡಿಸಿದರೆ ಕಪ್ಪು ಮಡ್ಡಿ ಕರಗಿ ಇಳಿಯುತ್ತದೆ. ಬೆಲೆಯೇ ತೊಂದರೆ. ನಾನು ಕೊನೆಯ ಬಾರಿ ಒಂದು ಡಬ್ಬಿಗೆ 400 ರೂಪಾಯಿಯ ಆಸುಪಾಸು ಕೊಟ್ಟೆ. ಮಳೆಗಾಲದಲ್ಲಿ ಅದು ಎರಡು ತಿಂಗಳು ಬರಲಿಲ್ಲ. ಸೀಮೆಎಣ್ಣೆ ಅದಕ್ಕಿಂತ ನಿಧಾನವಾಗಿ, ಆದರೆ ಅಷ್ಟೇ ಶುದ್ಧವಾಗಿ ತೊಳೆಯುತ್ತದೆ, ಓ-ರಿಂಗ್‌ಗೂ ಪೆಟ್ರೋಲಿನಂತೆ ಹಾನಿ ಮಾಡುವುದಿಲ್ಲ. ನಮ್ಮ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಈಗ ಅದು ಸಿಗುವುದಿಲ್ಲ. ಅತ್ತೆಯ ಮನೆಯ ಅಟ್ಟದ ಮೇಲೆ ಉಳಿದಿದ್ದ ಐದು ಲೀಟರಿನ ಕ್ಯಾನು ನನ್ನ ಪಾಲಿಗೆ ದೊಡ್ಡ ಉಪಕಾರ ಮಾಡಿದೆ.

ಸ್ಪ್ರೇ ಲ್ಯೂಬ್ ಬಗ್ಗೆ ನನ್ನ ಅಭಿಪ್ರಾಯ ಎರಡು ಭಾಗವಾಗಿದೆ. ಡಬ್ಬಿಯಿಂದ ಹೊರಬರುವಾಗ ಅದು ನೀರಿನಂತೆ ತೆಳುವಾಗಿದ್ದು ಕೊಂಡಿಗಳ ಸಂದಿಗೆ ಇಳಿಯುತ್ತದೆ. ಜೊತೆಗಿರುವ ದ್ರಾವಕ ಆವಿಯಾದ ಮೇಲೆ ಅಂಟು ಪದರವಾಗಿ ನಿಲ್ಲುತ್ತದೆ. ಅದಕ್ಕೆ ಸಮಯ ಬೇಕು. ಬೆಳಿಗ್ಗೆ ಹೊರಡುವ ಮುನ್ನ ಅವಸರದಲ್ಲಿ ಹೊಡೆದುಕೊಂಡು ಹೋದರೆ ಮುಕ್ಕಾಲು ಪಾಲು ಚಕ್ರದ ರಿಮ್ಮಿಗೆ ಸಿಡಿದಿರುತ್ತದೆ. ನಾನು ಸಂಜೆ ಶಾಲೆಯಿಂದ ಬಂದ ತಕ್ಷಣ, ಚೈನು ಇನ್ನೂ ಬೆಚ್ಚಗಿರುವಾಗ ಹೊಡೆದು ರಾತ್ರಿಯೆಲ್ಲ ಬಿಡುತ್ತೇನೆ. ಹೀಗೆ ಮಾಡಿದರೆ ಹೆದ್ದಾರಿಯ ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬೆಂಗಳೂರಿಗೆ ಹೋಗಿ ಬಂದರೂ ರಿಮ್ಮು ಸ್ವಚ್ಛವಾಗಿಯೇ ಇರುತ್ತದೆ. ಆದರೆ ನಮ್ಮ ಮಣ್ಣು ರಸ್ತೆಯಲ್ಲಿ ಅದೇ ಅಂಟು ಶತ್ರುವಾಯಿತು. ಮಾರ್ಚ್ ತಿಂಗಳಲ್ಲಿ ಹೊಡೆದ ಮೂರನೆಯ ದಿನಕ್ಕೆ ಚೈನಿನ ಮೇಲೆ ಕೆಂಪು ತೊಗಟೆ ಕಟ್ಟುತ್ತಿತ್ತು. ಅದನ್ನು ತೆಗೆಯಲು ಮತ್ತೆ ಕ್ಲೀನರ್ ಬೇಕಾಗುತ್ತಿತ್ತು. ಮಳೆಗಾಲದಲ್ಲಿಯೂ ಘಾಟಿ ಇಳಿದು ಹತ್ತುವಷ್ಟರಲ್ಲಿ ರೋಲರ್‌ಗಳು ಬರಿದಾಗಿ, ಮರುದಿನ ಬೆಳಿಗ್ಗೆ ಪ್ಲೇಟುಗಳ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕಾಣುತ್ತಿತ್ತು.

ಹಾಗಾಗಿ 2023ರ ಮಳೆಗಾಲದ ಕೊನೆಯಲ್ಲಿ ಗೇರ್ ಆಯಿಲ್‌ಗೆ ಬದಲಾದೆ. ಹಲವು ಬೈಕುಗಳ ಕೈಪಿಡಿಗಳು ಇಂದಿಗೂ 80 ಅಥವಾ 90 ದರ್ಜೆಯ ಗೇರ್ ಆಯಿಲನ್ನೇ ಹೇಳುತ್ತವೆ. ಔಷಧಿ ಅಂಗಡಿಯಿಂದ ತಂದ 10 ಮಿಲಿಲೀಟರ್ ಸಿರಿಂಜ್‌ಗೆ ಸೂಜಿ ಇಲ್ಲದೆ ಎಣ್ಣೆ ತುಂಬಿಕೊಂಡು, ಕೆಳಗಿನ ಸಾಲಿನ ಒಳಮೈಗೆ ರೋಲರಿನ ಎರಡೂ ಅಂಚಿಗೆ ಒಂದೊಂದು ಹನಿ ಬಿಡುತ್ತೇನೆ. ಒಳಮೈಗೆ ಏಕೆಂದರೆ ಓಡುವಾಗ ಎಣ್ಣೆ ಹೊರಕ್ಕೆ ಚಿಮ್ಮುತ್ತದೆ. ಒಳಗೆ ಹಾಕಿದ್ದು ಚೈನನ್ನು ದಾಟಿಕೊಂಡೇ ಹೊರಗೆ ಬರಬೇಕು. ಒಂದು ಸುತ್ತಿಗೆ ಒಂದು ಸಿರಿಂಜ್, ಹೆಚ್ಚೆಂದರೆ ಒಂದೂಕಾಲು. ಒಂದು ಲೀಟರಿನ ಡಬ್ಬಿ ಒಂದೂವರೆ ವರ್ಷ ಬಂದೂ ಇನ್ನೂ ಸ್ವಲ್ಪ ಉಳಿದಿದೆ. ಅಂಗಡಿಯವರು ಎಂಜಿನ್‌ನಿಂದ ಇಳಿಸಿದ ಹಳೆಯ ಕಪ್ಪು ಆಯಿಲನ್ನು ಬಿಟ್ಟಿಯಾಗಿ ಕೊಡುತ್ತಾರೆ. ಅದನ್ನು ಮಾತ್ರ ದಯವಿಟ್ಟು ಹಾಕಬೇಡಿ, ಅದರಲ್ಲಿ ಎಂಜಿನ್ ಸವೆದ ಲೋಹದ ಕಣಗಳಿರುತ್ತವೆ.

ಗೇರ್ ಆಯಿಲ್‌ನ ದೋಷ ಎಲ್ಲರೂ ಹೇಳುವಂಥದ್ದೇ: ಸಿಡಿಯುತ್ತದೆ. ರಿಮ್ಮು, ನಂಬರ್ ಪ್ಲೇಟು, ಒಮ್ಮೊಮ್ಮೆ ಪ್ಯಾಂಟಿನ ಅಂಚು ಕೂಡ ಕಲೆಯಾಗುತ್ತದೆ. ಇದಕ್ಕೆ ಉಪಾಯ ಹಳೆಯ ಪಂಚೆ. ಎಣ್ಣೆ ಹಾಕಿ, ಚಕ್ರವನ್ನು ಹತ್ತಿಪ್ಪತ್ತು ಸುತ್ತು ತಿರುಗಿಸಿ, ಅರ್ಧ ಗಂಟೆ ಬಿಟ್ಟು, ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಚೈನಿನ ಸುತ್ತ ಮುಷ್ಟಿಯಲ್ಲಿ ಹಿಡಿದು ಒರೆಸುತ್ತೇನೆ. ಬೆರಳು ಮುಟ್ಟಿದರೆ ಜಿಡ್ಡು ತಾಕಬೇಕು, ಹನಿ ಕಾಣಬಾರದು. ನಮಗೆ ಕಣ್ಣಿಗೆ ಕಾಣುವ ಎಣ್ಣೆ ಚೈನಿಗೆ ಉಪಯೋಗಕ್ಕೆ ಬಾರದ ಎಣ್ಣೆ; ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಇನ್ನೊಂದು ಲಾಭ ನನಗೆ ತಡವಾಗಿ ತಿಳಿಯಿತು. ಹೊಸ ಗೇರ್ ಆಯಿಲ್ ಹಳೆಯ ಮಡ್ಡಿಯನ್ನು ತಾನೇ ಕರಗಿಸಿ ಹೊರಗೆ ತರುತ್ತದೆ, ಪಂಚೆ ಅದನ್ನು ಎತ್ತಿಕೊಳ್ಳುತ್ತದೆ. ಹಾಗಾಗಿ ಸೀಮೆಎಣ್ಣೆ ಹಾಕಿ ಪೂರ್ತಿ ತೊಳೆಯುವ ಕೆಲಸ 500 ಕಿ.ಮೀ.ಗೊಮ್ಮೆ ಇದ್ದದ್ದು 2,000 ಕಿ.ಮೀ.ಗೊಮ್ಮೆ ಆಯಿತು. ಎಣ್ಣೆ ಮಾತ್ರ ಬೇಸಿಗೆಯಲ್ಲಿ 500 ಕಿ.ಮೀ.ಗೆ, ಮಳೆಗಾಲದಲ್ಲಿ ನಾಲ್ಕೈದು ದಿನಕ್ಕೊಮ್ಮೆ. ಜೋರು ಮಳೆಯಲ್ಲಿ ನೆನೆದು ಬಂದ ದಿನ ಎಷ್ಟೇ ಸುಸ್ತಾಗಿದ್ದರೂ ಒಣ ಬಟ್ಟೆಯಿಂದ ಒರೆಸಿ ಅಂದೇ ರಾತ್ರಿ ಎಣ್ಣೆ ಹಾಕುತ್ತೇನೆ, ಬೆಳಿಗ್ಗೆಗೆ ಬಿಡುವುದಿಲ್ಲ.

ಹಿಮಾಲಯನ್‌ಗೆ ಡಬಲ್ ಸ್ಟ್ಯಾಂಡ್ ಇರುವುದು ಈ ಕೆಲಸಕ್ಕೆ ದೊಡ್ಡ ಅನುಕೂಲ. ಅದಿಲ್ಲದ ಬೈಕಿನವರು ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡಿಗೆ ಒಮ್ಮೆ ದುಡ್ಡು ಹಾಕುವುದು ಒಳ್ಳೆಯದು. ಸೀಮೆಎಣ್ಣೆ ನೆಲಕ್ಕೆ ಬೀಳದಂತೆ ಕೆಳಗೆ ಒಂದು ಅಡಿಕೆ ಹಾಳೆ ಇಡುತ್ತೇನೆ. ಇನ್ನೊಂದು ತುಂಡನ್ನು ಚೈನಿಗೂ ಟೈರಿಗೂ ನಡುವೆ ನಿಲ್ಲಿಸುತ್ತೇನೆ. ಟೈರಿಗಾಗಲಿ ಬ್ರೇಕ್ ಡಿಸ್ಕಿಗಾಗಲಿ ಎಣ್ಣೆ ತಾಕಿದರೆ ಮೊದಲ ತಿರುವಿನಲ್ಲೇ ಅಪಾಯ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಮಾಡಲು ಹೋಗಿ ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿ ತೋರುಬೆರಳಿನ ತುದಿಯನ್ನು ಕಳೆದುಕೊಂಡಿದ್ದಾನೆ. ಅವನಿಗೆ ಇಪ್ಪತ್ತೊಂದು ವರ್ಷ. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದಲೇ ತಿರುಗಿಸಿ. ಹೆಚ್ಚಾಗುವುದು ಐದು ನಿಮಿಷ ಮಾತ್ರ.

ಚೈನಿನ ಬಿಗುವನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳುತ್ತೇನೆ. ಎಷ್ಟು ಸಡಿಲ ಇರಬೇಕು ಎಂಬುದು ಬೈಕಿನಿಂದ ಬೈಕಿಗೆ ಬೇರೆ, ಕೈಪಿಡಿಯ ಅಂಕಿಯನ್ನೇ ಅನುಸರಿಸಿ. ಸಡಿಲಕ್ಕಿಂತ ಅತಿ ಬಿಗಿ ಹೆಚ್ಚು ಕೆಟ್ಟದ್ದು: ಹಿಂದೆ ಸವಾರರು ಕೂತು ಸಸ್ಪೆನ್ಷನ್ ಇಳಿದಾಗ ಚೈನು ಇನ್ನಷ್ಟು ಎಳೆದುಕೊಂಡು ಗೇರ್‌ಬಾಕ್ಸ್‌ನ ಬೇರಿಂಗಿಗೂ ಪೆಟ್ಟು ಕೊಡುತ್ತದೆ.

ಈಗ ಬೈಕಿನಲ್ಲಿರುವ ಚೈನನ್ನು ಕಳೆದ ಭಾನುವಾರ ಮತ್ತೆ ಅಳೆದೆ. 26,200 ಕಿ.ಮೀ. ಓಡಿದ ಮೇಲೆ 20 ಅಂತರಗಳ ಉದ್ದ 318.5 ಮಿ.ಮೀ. ಹಲ್ಲುಗಳು ನೇರವಾಗಿವೆ. ಉದ್ದವೊಂದನ್ನೇ ನೋಡಿದರೆ ಇನ್ನೊಂದು ವರ್ಷ ಓಡಿಸಬಹುದು. ಆದರೆ ಒರೆಸುತ್ತ ಬಂದಾಗ ಒಂದು ಕೊಂಡಿಯ ಬಳಿ ಪಂಚೆಯ ಮೇಲೆ ಕಪ್ಪಿನ ಬದಲು ಕೆಂಪು ಕಲೆ ಬಿತ್ತು. ಟಾರ್ಚ್ ಹಿಡಿದು ನೋಡಿದೆ: ಆ ಪಿನ್ನಿನ ಒಂದು ಬದಿಯಲ್ಲಿ ಓ-ರಿಂಗ್ ಇಲ್ಲ, ಸಂದಿಯಿಂದ ತುಕ್ಕಿನ ಪುಡಿ ಉದುರುತ್ತಿದೆ. ಬೆರಳಿನಿಂದ ಮಡಿಸಿದರೆ ಅಕ್ಕಪಕ್ಕದ ಕೊಂಡಿಗಳು ಸಲೀಸಾಗಿ ಬಾಗುತ್ತವೆ, ಅದೊಂದು ಮಾತ್ರ ತಡೆಯುತ್ತದೆ. ಇನ್ನೊಂದು ಮಳೆಗಾಲವನ್ನು ಈ ಚೈನಿನ ಮೇಲೆ ದಾಟುವ ಧೈರ್ಯ ನನಗಿಲ್ಲ. ಸ್ಪ್ರಾಕೆಟ್‌ಗಳ ಸಮೇತ ಹೊಸ ಸೆಟ್ ತಂದಿಟ್ಟಿದ್ದೇನೆ. ಶಾಲೆಗೆ ಬೇಸಿಗೆ ರಜೆ ಸಿಕ್ಕ ವಾರವೇ ಆ ಹಿರಿಯರ ಬಳಿ ಕೂತು ಹಾಕಿಸಿಕೊಳ್ಳುತ್ತೇನೆ.