ವೈಲಿಸ್ಟ್: ನಮ್ಮ ಗಿಡಮೂಲಿಕೆಗೆ ಜಪಾನಿ ಹೆಸರು ಹುಡುಕುವವರಿಗೆ

ಗಿಡಮೂಲಿಕೆಯ ಲೇಬಲ್ಲನ್ನು ಜಪಾನಿ ಭಾಷೆಗೆ ತರುವವರಿಗೆ ವೈಲಿಸ್ಟ್‌ನಷ್ಟು ನಂಬಿಕಸ್ಥ ಉಚಿತ ಜಾಲತಾಣ ಇನ್ನೊಂದಿಲ್ಲ. ಸಸ್ಯಗಳ ಜಪಾನಿ ಹೆಸರು ಮತ್ತು ವೈಜ್ಞಾನಿಕ ಹೆಸರುಗಳನ್ನು ಜೋಡಿಸುವ ಈ ಸೂಚಿಯನ್ನು ಯೊನೆಕುರಾ ಕೋಜಿ ಮತ್ತು ಕಾಜಿತಾ ತದಾಶಿ 2003ರಿಂದ ಕಟ್ಟುತ್ತ ಬಂದಿದ್ದಾರೆ. ಕತಕಾನಾ ಲಿಪಿಯಲ್ಲಿ ಜಪಾನಿ ಹೆಸರು, ಅದರ ಪರ್ಯಾಯಗಳು, ಹಳೆಯ ವೈಜ್ಞಾನಿಕ ಹೆಸರುಗಳು ಎಲ್ಲವೂ ಸಿಗುತ್ತವೆ. ಪುಟ ಮಾತ್ರ ಹಳೇ ಕಾಲದ್ದು, ಬಹುಪಾಲು ಜಪಾನಿಯಲ್ಲೇ ಇದೆ.

ಇದನ್ನು ಬಳಸುವ ಮೊದಲು ಅರ್ಧ ಕೆಲಸ ಇಲ್ಲೇ ಮುಗಿಯಬೇಕು. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ಕೆಸರಿನಲ್ಲಿ ಹಬ್ಬುವ ನೀರುಬ್ರಾಹ್ಮಿಗೂ ಬ್ರಾಹ್ಮಿ ಅನ್ನುತ್ತಾರೆ. ಮೂತ್ರಪಿಂಡದಾಕಾರದ ಎಲೆ, ಬಳ್ಳಿಯ ಗೆಣ್ಣುಗೆಣ್ಣಿಗೂ ಬೇರು ಇದ್ದರೆ ಅದು ಸೆಂಟೆಲ್ಲಾ ಏಷಿಯಾಟಿಕಾ, ಜಪಾನಿನಲ್ಲಿ ತ್ಸುಬೊಕುಸಾ. ದಪ್ಪನೆಯ ಸಣ್ಣ ಎಲೆಗಳು ಎದುರುಬದುರಾಗಿದ್ದರೆ ಬಕೋಪಾ ಮೊನಿಯೆರಿ, ಅದು ಒತೊಮೆಅಜೆನಾ. ಯಂತ್ರಾನುವಾದಕ್ಕೆ ಬರೀ 'ಬ್ರಾಹ್ಮಿ' ಎಂದು ಕೊಟ್ಟರೆ ಈ ಭೇದ ಅಲ್ಲಿಗೇ ಅಳಿಸಿಹೋಗುತ್ತದೆ. ಕನ್ನಡದ ಹೆಸರಿನಿಂದ ವೈಜ್ಞಾನಿಕ ಹೆಸರಿಗೆ ಹೋಗಲು, ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನಕ್ಕಾಗಿ ಕೆಲಸ ಮಾಡುವ ಬೆಂಗಳೂರಿನ ಸಂಸ್ಥೆ ಎಫ್‌ಆರ್‌ಎಲ್‌ಎಚ್‌ಟಿ ಸಿದ್ಧಪಡಿಸಿದ ಔಷಧೀಯ ಸಸ್ಯಗಳ ದತ್ತಸಂಚಯ ನೋಡಿ. ಸಿಕ್ಕ ಹೆಸರು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜಾಲತಾಣ 'ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್'ನಲ್ಲಿ ಪರೀಕ್ಷಿಸಿ, ಆಮೇಲೆ ವೈಲಿಸ್ಟ್ ತೆರೆಯಿರಿ.

ಉತ್ತರ ಸಿಕ್ಕಾಗ ಹೆಸರಿನ ಒಂದಕ್ಷರವನ್ನೂ ಬಿಡಬೇಡಿ. ಬೇವು ಇಂದೋಸೆಂದಾನ್, ಬರೀ ಸೆಂದಾನ್ ಎಂದರೆ ಮೆಲಿಯಾ ಅಜೆಡರಾಕ್ ಎಂಬ ಬೇರೆಯೇ ಮರ, ಅದರ ಹಣ್ಣು ವಿಷ. ಬಜೆ ಶೋಬು; ಹನಾಶೋಬು ಆದರೆ ಐರಿಸ್ ಹೂವು. ಬಜೆಯನ್ನು ಚೀನೀ ಮೂಲದ ಅಕ್ಷರಗಳಲ್ಲಿ ಬರೆಯಲೂ ಬಾರದು. ಅದೇ ಅಕ್ಷರಗಳನ್ನು 'ಅಯಾಮೆ' ಎಂದೂ ಓದುತ್ತಾರೆ, ಅದು ಮತ್ತೊಂದು ಐರಿಸ್. ಕತಕಾನಾದಲ್ಲಿ ಹೆಸರು, ಪಕ್ಕದಲ್ಲಿ ವೈಜ್ಞಾನಿಕ ಹೆಸರು, ಬಳಸಿದ ಭಾಗ: ಮೂರೂ ಇರಲಿ.

ಕೊರತೆಗಳೂ ಇವೆ. ಪಟ್ಟಿಯ ಗಮನವೆಲ್ಲ ಜಪಾನಿನಲ್ಲಿ ಬೆಳೆಯುವ, ಬೆಳೆಸುವ ಗಿಡಗಳ ಮೇಲೆ. ಪಶ್ಚಿಮ ಘಟ್ಟದ ಎಷ್ಟೋ ಗಿಡಗಳಿಗೆ ಜಪಾನಿ ಹೆಸರೇ ಇಲ್ಲ. ಅಲ್ಲಿ ಹೊಸ ಹೆಸರು ಕಟ್ಟಲು ಹೋಗದೆ ವೈಜ್ಞಾನಿಕ ಹೆಸರನ್ನೇ ಕತಕಾನಾದಲ್ಲಿ ಬರೆಯುವುದು ಕ್ಷೇಮ.

ಇನ್ನೊಂದು ಕೊರತೆ ದೊಡ್ಡದು: ಇಲ್ಲಿರುವುದು ಗಿಡದ ಹೆಸರು, ಮದ್ದಿನ ಹೆಸರಲ್ಲ. ಶುಂಠಿ ಗಿಡ ಶೋಗಾ. ಹಾಗೇ ಒಣಗಿಸಿದ ಗೆಡ್ಡೆಗೆ ಜಪಾನಿನ ಔಷಧಕೋಶ (ಔಷಧಗಳ ಅಧಿಕೃತ ಮಾನದಂಡಗಳ ಗ್ರಂಥ) ಶೋಕ್ಯೋ ಅನ್ನುತ್ತದೆ; ಕಾನ್‌ಕ್ಯೋ ಎಂದರೆ ಬಿಸಿನೀರಿನಲ್ಲಿ ಅದ್ದಿ ಅಥವಾ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು. ಕಾನ್‌ಕ್ಯೋದ ಅಕ್ಷರಶಃ ಅರ್ಥವೇ 'ಒಣಶುಂಠಿ', ಆದ್ದರಿಂದ ನಿಘಂಟು ನೋಡಿ ಅನುವಾದಿಸುವವರು ಅದನ್ನೇ ಹಾಕಿಬಿಡುತ್ತಾರೆ. ಔಷಧಕ್ಕೆ ಹೋಗುವ ಸರಕಾದರೆ ವೈಲಿಸ್ಟ್ ಸಾಲದು. ಆ ಔಷಧಕೋಶದ ಇಂಗ್ಲಿಷ್ ಆವೃತ್ತಿಯೂ ಅಂತರ್ಜಾಲದಲ್ಲಿ ಉಚಿತ. ಅದರ ಕಚ್ಚಾ ಔಷಧಗಳ ಭಾಗ ತೆರೆದು, ಸಂಸ್ಕರಣೆಯ ವಿವರ ನಿಮ್ಮ ಸರಕಿಗೆ ಹೊಂದುತ್ತದೆಯೇ ನೋಡಿಯೇ ಹೆಸರು ಬರೆಯಿರಿ.